ಖಾಲಿ ಕ್ಯಾನಿಗೆ ಸುರಿದ ನೈಟ್ರೋಜನ್

ದಫೇದಾರರ ಮೂಗು ಎಂಥದ್ದೆಂದರೆ, ಮೂರು ಊರಾಚೆ ಯಾರಾದರೂ ಸುಳ್ಳಿಗೆ ಬಾಯಿ ತೆರೆದರೆ ಇಲ್ಲಿ ಇವರಿಗೆ ಸೀನು ಬರುತ್ತಿತ್ತು. ಹನ್ನೊಂದು ಸಾವಿರ ಕಳ್ಳರನ್ನು ಬರೀ ಸೀನಿಯೇ ಹಿಡಿದಿದ್ದರು.

ಮಾರ್ಚ್ 9, ಬೆಳಿಗ್ಗೆ 10.20. ಶಿಶುವಿಹಾರದ ಶಿಕ್ಷಕಿಯೊಬ್ಬರು ಠಾಣೆಗೆ ಬಂದು ಎರಡು ಫೋಟೊ ಇಟ್ಟರು. ಎರಡರಲ್ಲೂ ಒಂದೇ ಮುಖ, ಗಲ್ಲದ ನಡುವೆ ಅದೇ ಕುಳಿ.

"ಇದು ನನ್ನ ಮಗಳು, ನಾಲ್ಕು ವರ್ಷದವಳಿದ್ದಾಗ. ಇದು ಈ ವರ್ಷ ನನ್ನ ಕ್ಲಾಸಿಗೆ ಸೇರಿದ ಮಗು. ಯಾರ ಮಗುವೋ!"

"ಹೋಲಿಕೆ ಇರುತ್ತಮ್ಮಾ," ಎಂದರು ಇನ್ಸ್‌ಪೆಕ್ಟರ್.

"ನನ್ನ ಮಗಳು ಲ್ಯಾಬಲ್ಲಿ ಬೆಳೆಸಿದ ಭ್ರೂಣದಿಂದ ಹುಟ್ಟಿದವಳು ಸರ್. ಉಳಿದ ಒಂದನ್ನ ನಾಶ ಮಾಡಿ ಅಂತ ಆರು ವರ್ಷದ ಹಿಂದೆ ಸಹಿ ಹಾಕಿದ್ದೆ." ಆಕೆ ಎರಡನೇ ಫೋಟೊ ಮುಂದೆ ತಳ್ಳಿದರು. "ಅದು ಈಗ ನನ್ನೆದುರೇ ಕೂತು ಅಕ್ಷರ ತಿದ್ತಿದೆ."

ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.40. ಆಸ್ಪತ್ರೆಯ ಲ್ಯಾಬಿನಲ್ಲಿ, ಭ್ರೂಣಗಳನ್ನು ಹೆಪ್ಪುಗಟ್ಟಿಸಿಡುವ ದ್ರವ ನೈಟ್ರೋಜನ್ ಕ್ಯಾನುಗಳ ಬಾಯಿಂದ ಬಿಳಿ ಹೊಗೆ ನೆಲಕ್ಕಿಳಿಯುತ್ತಿತ್ತು. ಟೆಕ್ನಿಷಿಯನ್‌ನನ್ನು ಎಲ್ಲರೂ ಐಸಣ್ಣ ಎನ್ನುತ್ತಿದ್ದರು.

"ಆ ಭ್ರೂಣ ನಾಶ ಮಾಡಿದ್ಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ಮಾಡ್ದೆ ಸರ್. ಸಹಿ ಇದೆ."

ದಫೇದಾರರು ಕಟ್ಟಡ ಅಲುಗುವಂತೆ ಸೀನಿದರು. ಪಂಚನಾಮೆಯಲ್ಲಿ ನೈಟ್ರೋಜನ್ ಸುರಿದ ಲೆಕ್ಕದ ಪುಸ್ತಕ ವಶವಾಯಿತು. ಖಾಲಿಯೆಂದು ಬರೆದಿದ್ದ ಏಳನೇ ಕ್ಯಾನಿಗೆ, ನಾಶದ ಸಹಿ ಬಿದ್ದ ಮೇಲೂ ಹತ್ತು ತಿಂಗಳು, ಪ್ರತಿ ಸೋಮವಾರ ಎರಡು ಲೀಟರ್! ಕೆಳಗೆ ಐಸಣ್ಣನದೇ ಸಹಿ. ಸುರಿದದ್ದನ್ನು ಬರೆಯದೆ ಬಿಡುವುದು ಆ ಕೈಗೆ ಗೊತ್ತೇ ಇರಲಿಲ್ಲ.

"ಖಾಲಿ ಕ್ಯಾನಿಗೆ ಯಾಕಪ್ಪಾ ಇಷ್ಟು ಉಪಚಾರ?" ಎಂದರು ಇನ್ಸ್‌ಪೆಕ್ಟರ್.

"ಚೆಲ್ಲೋಕೆ ಕೈ ಬರ್ಲಿಲ್ಲ ಸರ್. ನಮ್ಮಕ್ಕನೂ ಇಲ್ಲೇ ಚಿಕಿತ್ಸೆ ತಗೋತಿದ್ಲು. ಅವಳ ಭ್ರೂಣ ಒಂದೂ ಉಳೀಲಿಲ್ಲ. ಇದನ್ನೇ ಅವಳದು ಅಂತ ಡಾಕ್ಟರಿಗೆ ಕೊಟ್ಟೆ. ಅಕ್ಕಂಗೂ ಗೊತ್ತಿಲ್ಲ."

ಸಂಜೆ 4.15ಕ್ಕೆ ಬಂಧನ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ದಫೇದಾರರ ವರದಿ ಓದಿ ತಲೆಯೆತ್ತಿದರು. "ಸೀನಿ ಪತ್ತೆ ಹಚ್ಚಿದೆ ಅಂತ ಬರ್ದಿದೀರಿ. ವಾರದಿಂದ ನಿಮಗೆ ನೆಗಡಿ ಅಲ್ವೇನ್ರೀ?"

ದಫೇದಾರರು ಪೆನ್ನು ಮುಚ್ಚಿದರು. "ಹೌದು ಸರ್. ಮೂಗಿಗೆ ಏನೂ ತಿಳೀಲಿಲ್ಲ. ನೀವು ಡಾಕ್ಟರ್ ಹತ್ರ ಹೋದಾಗ ಐಸಣ್ಣನೇ ಪುಸ್ತಕ ತಂದು, ಆ ಪುಟ ತೆರೆದು ನನ್ನ ಕೈಗಿಟ್ಟ."

"ಏನಾದ್ರೂ ಅಂದ್ನಾ?"

ಹೊರಗೆ ಬೆಂಚಿನ ಒಂದು ತುದಿಯಲ್ಲಿ ಶಿಕ್ಷಕಿ, ಇನ್ನೊಂದು ತುದಿಯಲ್ಲಿ ಐಸಣ್ಣನ ಅಕ್ಕ. ನಡುವೆ ಮಗು ಕಾಲಾಡಿಸುತ್ತಿತ್ತು.

"ಇನ್ಮೇಲೆ ಮಗು ಯಾರ ಮನೇಲಿ ಮಲಗುತ್ತೆ ಅಂತ ಕೇಳ್ದ."

"ನೀವೇನಂದ್ರಿ?"

"ಬಾಯಿಗೆ ಒಂದು ಸುಳ್ಳೂ ಬರ್ಲಿಲ್ಲ ಸರ್."