ಅಳಿಸಿಹೋದ ದಾಸ್ತಾನು

ಮಾರ್ಚ್ ಹನ್ನೆರಡರ ಬೆಳಿಗ್ಗೆ ಬೇಗಂಪೇಟೆಯ ಠಾಣೆಗೆ ಔಷಧದ ಸಗಟು ವ್ಯಾಪಾರಿ ಮಹೇಶಕುಮಾರ ದೂರು ತಂದ. ದಾಸ್ತಾನು, ಬೇಡಿಕೆ, ಸರಬರಾಜು ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಹೊಸ ಸಾಫ್ಟ್‌ವೇರ್ ಮಾಡಿಸುತ್ತಿದ್ದ. ಬರುವ ಸೋಮವಾರ ಅದು ಶುರುವಾಗಬೇಕಿತ್ತು. ಹಿಂದಿನ ದಿನ ಯಾರೋ ಅದರಲ್ಲಿದ್ದ ಮಾಹಿತಿಯನ್ನೆಲ್ಲ ಅಳಿಸಿಹಾಕಿದ್ದರು.

ಇನ್‌ಸ್ಪೆಕ್ಟರ್ ಸುವರ್ಣಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಪ್ರೇಮಾಳೊಂದಿಗೆ ಗೋದಾಮಿಗೆ ಹೋದರು. ಪಕ್ಕದ ಅಂಗಡಿಯವರಿಬ್ಬರ ಸಮಕ್ಷಮ ಪಂಚನಾಮೆ ನಡೆಸಿ ಕಂಪ್ಯೂಟರ್ ವಶಪಡಿಸಿಕೊಂಡರು. ಹಿಂದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಉಮಾಬಾಯಿಯ ಪಾಸ್‌ವರ್ಡ್ ಹಾಕಿ ಅಳಿಸಲಾಗಿದೆ ಎಂದು ತಿಳಿಯಿತು.

ಉಮಾಬಾಯಿ ದಾಸ್ತಾನು ನೋಡಿಕೊಳ್ಳುವ ವಿಧವೆ, ಬೀದರ್ ಕಡೆಯವರು. ಹೊಸ ವ್ಯವಸ್ಥೆ ಬಂದರೆ ಅವರ ಕೆಲಸ ಹೋಗುತ್ತದೆಂದು ಗೋದಾಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮಹೇಶಕುಮಾರ ನೇರವಾಗಿ ಅವರತ್ತಲೇ ಬೆರಳು ತೋರಿಸಿದ.

ಸುವರ್ಣಾ ಕಲಬುರಗಿಯವರು. ತೆಲುಗು ಬಿಟ್ಟು ಉಮಾಬಾಯಿಯನ್ನು ಕನ್ನಡದಲ್ಲೇ ಕೇಳಿದರು.

"ಪಾಸ್‌ವರ್ಡ್ ಮತ್ಯಾರಿಗೆ ಗೊತ್ತೈತ್ರಿ?"

"ಯಾರಿಗೂ ಇಲ್ರಿ. ನನಗಷ್ಟ."

ಉತ್ತರ ತೀರಾ ಬೇಗ ಬಂತು. ಹೇಳುವಾಗ ಆಕೆ ಅಲ್ಲೇ ಕೂತಿದ್ದ, ಸಾಫ್ಟ್‌ವೇರ್ ಮಾಡುತ್ತಿದ್ದ ಹುಡುಗ ವೈಭವನ ಕಡೆ ತಪ್ಪಿಯೂ ನೋಡಲಿಲ್ಲ. ಸುವರ್ಣಾ ಅದನ್ನು ಗಮನಿಸಿದರು. ಆದರೂ, ಠಾಣೆಗೆ ಬರಬೇಕಾಗುತ್ತದೆ ಎಂದರು. ಉಮಾಬಾಯಿ ಚಪ್ಪಲಿ ಹಾಕಿಕೊಂಡರು.

ಉಮಾಬಾಯಿಯನ್ನು ಚಿಕ್ಕಮ್ಮನೆಂಬಂತೆ ‘ಕಾಕು’ ಎಂದು ಕರೆಯುತ್ತಿದ್ದ ವೈಭವ ಕುರ್ಚಿಯಿಂದೆದ್ದ. "ಕಾಕು ಅಲ್ಲ ಮೇಡಂ. ನಾ ಅಳಿಸೀನಿ. ಅವರನ್ನ ಕರಕೊಂಡು ಹೋಗಬ್ಯಾಡ್ರಿ."

ಉಮಾಬಾಯಿಗೆ ಸಾಫ್ಟ್‌ವೇರ್ ಕಲಿಸುವಾಗ ಪಾಸ್‌ವರ್ಡ್ ಹಾಕಿಕೊಟ್ಟವನು ತಾನೇ ಎಂದು ಒಪ್ಪಿಕೊಂಡ. ಅನುಮಾನ ಅವರ ಮೇಲೆ ಬರುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಮಣಿಕೊಂಡದ ಅವನ ಕೋಣೆಯಲ್ಲಿ, ಎಲ್ಲ ಮಾಹಿತಿಯ ಪ್ರತಿಯಿದ್ದ ಹಾರ್ಡ್‌ಡಿಸ್ಕ್ ಸಿಕ್ಕಿತು. ವ್ಯಾಪಾರಕ್ಕೆ ಪೆಟ್ಟು ಕೊಡುವ ಉದ್ದೇಶ ಅವನಿಗಿರಲಿಲ್ಲ. ಸಂಜೆ ಬಂಧನವಾಯಿತು.

ಹೇಳಿಕೆ ಬರೆದುಕೊಳ್ಳುವಾಗ ಸುವರ್ಣಾ ಕಾರಣ ಕೇಳಿದರು.

ಸರಕು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ತಿಳಿಯಲು ವೈಭವ ತಿಂಗಳುಗಟ್ಟಲೆ ಉಮಾಬಾಯಿಯ ಪಕ್ಕದಲ್ಲೇ ಕೂತಿದ್ದ. ಅವರು ಅವನಿಗೂ ಸೇರಿಸಿ ರೊಟ್ಟಿ, ಪುಂಡಿಪಲ್ಯ ತರುತ್ತಿದ್ದರು. ಕೆಲಸ ಮುಗಿದರೆ ಕಂಪನಿ ಅವನನ್ನು ಪುಣೆಗೆ ಕಳಿಸುವುದಿತ್ತು.

"ಅವ್ವ ಹೋದ ಮ್ಯಾಲ ಊಟ ಆತೇನಂತ ಕೇಳಿದಾಕಿ ಕಾಕು ಒಬ್ಬಾಕಿ ರೀ. ಇನ್ನೊಂದೆರಡು ತಿಂಗಳು ಇಲ್ಲೇ ಇರಬಹುದು ಅನಿಸ್ತು."

ಸುವರ್ಣಾ ಕಾನೂನಿಗೆ ಬೇಕಾದಷ್ಟನ್ನು ಬರೆದು ಪೆನ್ನು ಮುಚ್ಚಿದರು. ಹೊರಗೆ ಬೆಂಚಿನ ಮೇಲಿದ್ದ ಉಮಾಬಾಯಿಯನ್ನು ಒಳಗೆ ಬಿಡಲು ಪ್ರೇಮಾಳಿಗೆ ಹೇಳಿದರು.

ಉಮಾಬಾಯಿ ಬಂದು ಅವನ ಎದುರು ನಿಂತರು. ಬೈಯಬೇಕೆಂದೇ ಬಂದಿದ್ದರು.

"ಕೆಲಸ ಮುಗದ್ರ ನನ್ನ ಮನಿಗೆ ಬರಬ್ಯಾಡಂತ ಯಾರು ಹೇಳಿದ್ರೋ ನಿನಗ?"