ಮತ್ತೆ ತೆರೆದ ದಿವಾಳಿ ಕೇಸು

ಜಗಲಿಯ ಕೆಳಗೆ ಬಿಟ್ಟಿದ್ದ ಪಾಲಿಶ್ ಬೂಟು ನೋಡಿಯೇ ಇಂದ್ರಮ್ಮನಿಗೆ ಬಂದವರು ಯಾರೆಂದು ತಿಳಿಯಿತು. ಸಿರಾದ ಆ ಬೀದಿಗೆ ಬೂಟು ಹಾಕಿಕೊಂಡು ಬರುವವನು ಮಧುಗಿರಿಯ ವಕೀಲ ಮರುಳಸಿದ್ದಯ್ಯ ಒಬ್ಬನೇ.

ಅವಳ ತಂದೆ ಚನ್ನಮಲ್ಲಯ್ಯನವರ ಕಂಬಳಿ ವ್ಯಾಪಾರ ಮುಳುಗಿ ದಿವಾಳಿಯಾದಾಗ ಕೋರ್ಟು ಇವನನ್ನೇ ರಿಸೀವರಾಗಿ ನೇಮಿಸಿತ್ತು. ಮಂಡಿ, ಗಾಡಿ, ಎತ್ತು, ಕೊನೆಗೆ ನೀರು ಕಾಯಿಸುವ ಹಂಡೆಯನ್ನೂ ಹರಾಜು ಹಾಕಿಸಿ ಸಾಲ ಕೊಟ್ಟವರಿಗೆ ಹಂಚಿದವನು ಇವನು. ಆ ಕೇಸು ಮುಚ್ಚಿ ಎರಡು ವರ್ಷವಾಗಿತ್ತು.

"ಇನ್ನೇನು ಉಳಿದೈತೆ ಅಂತ ಬಂದ್ರಿ?" ಎಂದಳು ಬಾಗಿಲಲ್ಲೇ ನಿಂತು.

"ನೀರು ಉಳಿದಿದ್ರೆ ಒಂದು ಲೋಟ ಕೊಡಿ."

ಕೊಟ್ಟಳು. ಅವನು ನಿಧಾನವಾಗಿ ಕುಡಿದ. ಲೋಟದ ಅಂಚಿನ ಮೇಲಿಂದ ಆ ಕಣ್ಣು ನೋಡುತ್ತಿರುವುದು ತನ್ನನ್ನೋ, ತನ್ನ ಹಿಂದಿನ ಗೂಡಿನಲ್ಲಿರುವ ಅಪ್ಪನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನೋ? ಇಂದ್ರಮ್ಮ ಸರಿದು ಗೂಡಿಗೆ ಅಡ್ಡ ನಿಂತಳು. ಕಣ್ಣೂ ಅವಳ ಜೊತೆಗೇ ಸರಿಯಿತು. ಅವಳಿಗೆ ಕೆನ್ನೆ ಬಿಸಿಯಾಯಿತು.

"ನಿಮ್ಮ ತಂದೆಯವರ ಕೇಸನ್ನ ಮತ್ತೆ ತೆರೀಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಿದೀನಿ," ಎಂದ ಅವನು ಲೋಟ ಕೆಳಗಿಟ್ಟು. "ಬುಕ್ಕಾಪಟ್ಟಣದ ಕಡೆ ಬೇರೆ ಯಾರದೋ ಜಮೀನು ನೋಡೋಕೆ ಹೋಗಿದ್ದೆ. ಅಲ್ಲಿ ಕುರಿ ಮೇಯಿಸ್ತಿದ್ದ ಗಂಗಣ್ಣ ಅನ್ನೋರು ಪಕ್ಕದ ಕುರುಚಲು ತೋರಿಸಿ, 'ಇದು ಕಂಬಳಿ ಚನ್ನಮಲ್ಲಯ್ನೋರ್ದು ಕಣ್ ಸ್ವಾಮಿ' ಅಂದ್ರು. ಕೋರ್ಟಿಗೆ ಕೊಟ್ಟ ಆಸ್ತಿಯಲ್ಲಿ ಅದು ಬಂದೇ ಇಲ್ಲ."

"ಹುಲ್ಲೆ ಓಡಾಡೋ ಕುರುಚಲು ಯಾರಿಗೆ ಬೇಕು?"

"ರಸ್ತೆ ಕಂಟ್ರಾಕ್ಟರು ಕಲ್ಲಿಗೆ ಅಂತ ಈಗ ಹುಡುಕ್ತಿದಾರೆ. ಸಾಲ ಕೊಟ್ಟೋರ ಕಿವಿಗೆ ಬಿದ್ರೆ, ಮುಚ್ಚಿಟ್ಟಿದ್ರು ಅಂತ ನಿಮ್ಮ ತಂದೇನ ಜೈಲಿಗೆ ಕಳಿಸ್ತಾರೆ. ಅದಕ್ಕೆ ಮುಂಚೆ ನಿಮ್ಮ ತಂದೆಯವರೇ ಕೋರ್ಟಿಗೆ ಬಂದು ಹೇಳಿಬಿಡಲಿ."

ಅವನು ಹೋದ ಮೇಲೂ ಇಂದ್ರಮ್ಮ ಅಲ್ಲೇ ಕುಳಿತಿದ್ದಳು. ಕೇಸು ಮುಗಿದ ಮೇಲೂ ಈ ಮನುಷ್ಯ ಸಿರಾಕ್ಕೆ ಬಂದಾಗಲೆಲ್ಲ ಇದೇ ಬೀದಿ ಹಿಡಿದು ಹೋಗುತ್ತಿದ್ದ. ಒಂದು ಸಲ ನಿಂತು, "ಶಾಲೆ ಕೆಲಸ ಹೇಗಿದೆ?" ಎಂದು ಕೇಳಿದ್ದ. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಆ ಒಂದು ಮಾತಿಗೆ ವಾರವೆಲ್ಲ ಕನ್ನಡಿ ನೋಡಿಕೊಂಡಿದ್ದಳು. ಎಂಥ ದಡ್ಡಿ ತಾನು. ಅವನು ಬರುತ್ತಿದ್ದುದು ಬೇಹುಗಾರಿಕೆಗೆ.

ಸಂಜೆ ಅಪ್ಪ ಶಿವಪೂಜೆ ಮುಗಿಸಿ ಎದ್ದಾಗ ನೇರವಾಗಿ ಕೇಳಿದಳು. "ಬುಕ್ಕಾಪಟ್ಟಣದ ಜಮೀನು ಮರ್ತಿದ್ರಾ ಅಪ್ಪಾಜಿ?"

ಚನ್ನಮಲ್ಲಯ್ಯನವರು ಹಣೆಯ ವಿಭೂತಿ ಮುಟ್ಟಿಕೊಂಡರು. "ಮರ್ತಿದ್ದೆ ಅಂತ್ಲೇ ಇಟ್ಕೊ."

"ಇಟ್ಕೊಳ್ಳೋದಲ್ಲ. ಮರ್ತಿದ್ರಾ?"

ಅವರು ಬೇರೆ ಕಡೆ ನೋಡಿದರು. ಇಷ್ಟು ದಿನ ಅವಳ ಅನುಮಾನಕ್ಕೆಲ್ಲ ಆ ವಕೀಲನೊಬ್ಬನೇ ಗುರಿಯಾಗಿದ್ದ. ಈಗ ತನ್ನ ಮನೆಯೊಳಗೇ ಅದು ಕಾಲಿಟ್ಟಿತ್ತು. "ಕೋರ್ಟಿನಲ್ಲಿ ಇದ್ದಿದ್ದು ಇದ್ದಂಗೆ ಹೇಳ್ಬುಡಿ. ಹೆಂಗಾದ್ರೂ ಆಗಲಿ," ಎಂದಳು. ಅಪ್ಪ ಪೂಜೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ವಿಚಾರಣೆಯ ದಿನ ಅಪ್ಪ ಮಗಳು ಇಬ್ಬರೂ ಮಧುಗಿರಿಗೆ ಇದ್ದಿಲು ಬಸ್ಸಿನಲ್ಲಿ ಹೋದರು. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಏರು ಬಂದಾಗಲೆಲ್ಲ ಬಸ್ಸು ಕೆಮ್ಮಿ ನಿಲ್ಲುತ್ತಿತ್ತು. ದಾರಿಯುದ್ದಕ್ಕೂ ಇಂದ್ರಮ್ಮನಿಗೆ ಹೊಸದೊಂದು ಯೋಚನೆ ಕಾಡಿತು. ಜಮೀನಿಗೆ ಬೆಲೆ ಬಂದಿದೆ, ತಾನು ಒಬ್ಬಳೇ ಮಗಳು. ವಕೀಲನ ಲೆಕ್ಕ ಕೋರ್ಟಿನದೋ, ಅಳಿಯತನದ್ದೋ? ಆಮೇಲೆ ಏನಾದರೂ ಉಪಾಯ ಮಾಡಿ ಆ ಕಲ್ಲುಬಂಡೆಯನ್ನೂ ತನ್ನನ್ನೂ ಒಟ್ಟಿಗೆ ಹೊಡೆದುಕೊಳ್ಳುತ್ತಾನೋ?

ಕೋರ್ಟಿನಲ್ಲಿ ಮರುಳಸಿದ್ದಯ್ಯ ಎದ್ದು, ಜಮೀನು ಬಿಟ್ಟುಹೋಗಿದೆ ಎಂದಷ್ಟೇ ಹೇಳಿದ. ಮುಚ್ಚಿಟ್ಟಿದ್ದರು ಎನ್ನಲಿಲ್ಲ. ಜಡ್ಜಿ ಚನ್ನಮಲ್ಲಯ್ಯನವರ ಕಡೆ ತಿರುಗಿದರು. "ಮರೆತಿದ್ರೇನು?"

ಮರೆತಿದ್ದೆ ಎಂದರೆ ಮುಗಿದುಹೋಗುತ್ತಿತ್ತು. ಮುದುಕರು ಮಗಳ ಮುಖ ನೋಡಿದರು.

"ಇಲ್ಲ ಸ್ವಾಮಿ. ಎಲ್ಲಾ ಹೋಯ್ತು, ಹುಡುಗಿ ಮದುವೆಗೆ ಇದೊಂದಾದ್ರೂ ಇರಲಿ ಅಂತ ಬಾಯಿ ಬಿಡಲಿಲ್ಲ. ತಪ್ಪು ನಂದು."

ಇಂದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಜಡ್ಜಿ ಕಾಗದಗಳನ್ನು ಮತ್ತೊಮ್ಮೆ ತಿರುವಿದರು. ಕೊನೆಗೆ, ತಾನಾಗಿ ಬಂದು ನಿಜ ಹೇಳಿದ್ದರಿಂದ ಶಿಕ್ಷೆ ಬೇಡ, ಆದರೆ ಕೇಸು ಮತ್ತೆ ತೆರೆಯಬೇಕು, ಜಮೀನು ಪೂರ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚಬೇಕು ಎಂದು ಆರ್ಡರು ಮಾಡಿದರು. ಅಷ್ಟು ಮಾರಿದರೂ ಬಾಕಿ ಪೂರ್ತಿ ತೀರುವುದಿಲ್ಲ, ಮನೆಗೆ ಏನೂ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ರಿಸೀವರಾಗಿ ನೀವೇ ಮುಂದುವರೀರಿ," ಎಂದರು ಜಡ್ಜಿ.

"ಕ್ಷಮಿಸಬೇಕು, ಬೇರೆಯವರನ್ನ ನೇಮಿಸಿ," ಎಂದ ಮರುಳಸಿದ್ದಯ್ಯ.

"ಯಾಕೆ?"

"ಆ ಮನೆಯಲ್ಲಿ ನಾನು ಸ್ವಂತಕ್ಕೆ ಕೇಳಬೇಕಾದ ಒಂದು ಮಾತು ಇದೆ. ರಿಸೀವರಾಗಿದ್ಕೊಂಡು ಅದನ್ನ ಕೇಳೋದು ಸರಿಯಲ್ಲ. ಹಿಂದಿನ ಸಲ ಕೇಸು ಮುಚ್ಚಲಿ ಅಂತ ಕಾದೆ. ಆಮೇಲೆ ಧೈರ್ಯ ಬರೋ ಹೊತ್ತಿಗೆ ಈ ಜಮೀನು ಸಿಕ್ಕಿತು."

ಜಡ್ಜಿ ಕನ್ನಡಕ ತೆಗೆದು, ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹೆಣ್ಣುಮಗಳನ್ನೊಮ್ಮೆ ನೋಡಿದರು. "ಆ ಮನೆಯಲ್ಲಿ ಇನ್ನು ಏನೂ ಉಳಿದಿಲ್ಲ. ಗೊತ್ತು ತಾನೇ?"

"ಚೆನ್ನಾಗಿ ಗೊತ್ತು ಸ್ವಾಮಿ. ಹರಾಜು ಹಾಕಿಸಿದವನು ನಾನೇ."

ಕೋರ್ಟಿನ ಹೊರಗೆ ಹುಣಸೆಮರದ ಕೆಳಗೆ ಅವನು ಹತ್ತಿರ ಬಂದ. ಜನರ ಮುಂದೆ ಅಷ್ಟು ನಿರ್ಭಯವಾಗಿ ಮಾತಾಡಿದವನಿಗೆ ಈಗ ಕೈ ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯುತ್ತಿರಲಿಲ್ಲ. ಅಪ್ಪ ಏನೋ ನೆಪ ಹೇಳಿ ಬಸ್ಸಿನ ಕಡೆ ನಡೆದರು.

"ಊರೆಲ್ಲಾ ಕೇಳೋ ಹಂಗೆ ಜಡ್ಜಿಗೆ ಹೇಳಿದ್ರಿ," ಎಂದಳು ಇಂದ್ರಮ್ಮ. "ನನ್ನ ಒಂದು ಮಾತು ಕೇಳಿದ್ರಾ?"

"ನೀವು ನನ್ನನ್ನ ನಂಬ್ತಿರಲಿಲ್ಲ."

"ಈಗ್ಲೂ ಪೂರ್ತಿ ನಂಬಿಲ್ಲ."

"ಹಾಗಾದ್ರೆ?"

ಅವಳು ತಲೆ ಎತ್ತಿ, ಇಷ್ಟು ದಿನ ಸಂಶಯದಿಂದ ಅಳೆಯುತ್ತಿದ್ದ ಆ ಕಣ್ಣನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಈ ಸಲ ಕಣ್ಣು ತಪ್ಪಿಸಲು ಹೋದವನು ಅವನೇ.

"ಮದುವೆ ಆದ್ಮೇಲೆ ನಂಬ್ತೀನಿ," ಎಂದು ಹೇಳಿ ಇಂದ್ರಮ್ಮ ಅಪ್ಪನ ಹಿಂದೆ ನಡೆದಳು.