ನರ್ಸ್ ಮೇಜಿಗೆ ಬಾರದ ಅಲಾರಂ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ಸಂಜೆ ಅವಳ ತಾಯಿ ಆಸ್ಪತ್ರೆಯ ಐಸಿಯುನಲ್ಲಿ ತೀರಿಕೊಂಡಿದ್ದರು.

"ಅಮ್ಮಂಗೆ ಉಸಿರು ಕಟ್ಟಿದಾಗ ಆ ನರ್ಸ್ ಎದ್ದೇ ಬರಲಿಲ್ಲ ಸರ್. ಅವಳನ್ನ ಒಳಗೆ ಹಾಕಿ."

ಜೊತೆಗೆ ಬಂದಿದ್ದ ಅವಳ ತಮ್ಮ ಅದೇ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು: ನಿರ್ಲಕ್ಷ್ಯದಿಂದ ಸಾವು; ಆರೋಪಿ ಪಾಳಿಯಲ್ಲಿದ್ದ ನರ್ಸ್.

ಮಧ್ಯಾಹ್ನ ಐಸಿಯುನಲ್ಲಿ ಪಂಚನಾಮೆ. ರೋಗಿಗಳನ್ನು ಬೇರೆ ವಾರ್ಡಿಗೆ ಸಾಗಿಸಿದ್ದರು. ಕೆಲಸದಿಂದ ಅಮಾನತಾದ ನರ್ಸ್ ಅತ್ತೂ ಅತ್ತೂ ಊದಿದ ಮುಖದಲ್ಲಿ ನಿಂತಿದ್ದಳು.

"ನಿದ್ದೆ ಮಾಡ್ತಿದ್ರಾ?" ಎಂದರು ಇನ್‌ಸ್ಪೆಕ್ಟರ್.

"ಇಲ್ಲ ಸರ್. ಮೇಜಿಗೆ ಅಲಾರಂ ಬರಲೇ ಇಲ್ಲ. ಕಂಪ್ಯೂಟರೂ ಕೆಟ್ಟಿತ್ತು, ನೆಟ್‌ವರ್ಕ್‌ನೋರಿಗೆ ಹೇಳಿದ್ದೆ. ನೋಡ್ತೀವಿ ಅಂದ್ರು."

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್‌ನನ್ನು ಹಾಸಿಗೆಯ ಮೇಲೆ ಮಲಗಿಸಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಸಿಕ್ಕಿಸಿ, ಆಮೇಲೆ ಕೀಳಿಸಿದರು. ಪಕ್ಕದ ಯಂತ್ರ ಕೂಗಿಕೊಂಡಿತು. ಮುಚ್ಚಿದ ಗಾಜಿನ ಬಾಗಿಲಾಚೆಯ ನರ್ಸ್ ಮೇಜಿನಲ್ಲಿ ಸದ್ದಿಲ್ಲ.

"ಸಾರ್, ನಾನು ಸತ್ತು ಐದು ನಿಮಿಷ ಆಯ್ತು. ಯಾರೂ ವಿಚಾರಿಸ್ತಿಲ್ಲ," ಎಂದ ಹೆಡ್ ಕಾನ್‌ಸ್ಟೆಬಲ್.

ನೆಟ್‌ವರ್ಕ್ ವಿಭಾಗದ ಮುಖ್ಯಸ್ಥೆ ಲ್ಯಾಪ್‌ಟಾಪ್ ತೆರೆದರು. ಅವರ ಕೈ ಕೆಳಗೆ ಕೆಲಸ ಮಾಡುವ, ದೂರು ಕೊಟ್ಟವಳ ತಮ್ಮನೂ ಬಂದು ಬಾಗಿಲಲ್ಲಿ ನಿಂತ. ಮುಖ್ಯಸ್ಥೆ ವಿವರಿಸಿದರು.

"ಸ್ವಿಚ್ ಅಂದ್ರೆ ನೆಟ್‌ವರ್ಕ್ ತಂತಿಗಳೆಲ್ಲ ಸೇರೋ ಪೆಟ್ಟಿಗೆ. ವಾರ್ಡಿನ ಸ್ವಿಚ್‌ನಿಂದ ಮುಖ್ಯ ಸ್ವಿಚ್‌ಗೆ ಒಂದೇ ಕೇಬಲ್ ಸರ್. ಅಲಾರಂ, ಕಂಪ್ಯೂಟರ್ ಎಲ್ಲಾ ಅದರಲ್ಲೇ ಹೋಗ್ಬೇಕು. ಬೆರೆತುಹೋಗಬಾರದು ಅಂತ ಒಂದೊಂದಕ್ಕೂ ನಂಬರಿನ ಟ್ಯಾಗ್ ಹಾಕ್ತೀವಿ. ಆ ಕಡೆ ಸ್ವಿಚ್ ಟ್ಯಾಗ್ ನೋಡಿ ಆಯಾ ಜಾಗಕ್ಕೆ ಕಳಿಸುತ್ತೆ. ನರ್ಸ್ ಮೇಜಿಗೂ ಅಲಾರಂ ಅಲ್ಲಿಂದಲೇ ಬರ್ಬೇಕು."

"ಬಸ್ಸಿನ ಮೇಲಿನ ಲಗೇಜ್ ತರ."

"ಹ್ಞೂಂ. ಆದ್ರೆ ಯಾವ್ಯಾವ ನಂಬರ್ ದಾಟಬಹುದು ಅಂತ ಮೊದಲೇ ಹೇಳಿರಬೇಕು. ಅಲಾರಂ ಹತ್ತು, ಕಂಪ್ಯೂಟರ್ ಇಪ್ಪತ್ತು." ಅವರು ಪರದೆ ನೋಡಿ ತಡವರಿಸಿದರು. "ಇಲ್ಲಿ ಬರೀ ಮೂವತ್ತು ಇದೆ. ಅದು ಐಸಿಯು ಕ್ಯಾಮೆರಾ. ವಾರ್ಡ್ ಬಿಟ್ಟು ಆಚೆ ಬರಲೇಬಾರದು."

"ಹತ್ತು, ಇಪ್ಪತ್ತು ಎಲ್ಲಿ ಹೋದ್ವು?"

"ಮೂವತ್ತನ್ನ ಸೇರಿಸು ಅಂತ ಹೇಳ್ಬೇಕಿತ್ತು. ಸೇರಿಸು ಅನ್ನೋದು ಬಿಟ್ಟು ಮೂವತ್ತು ಅಂದ್ರೆ, ಅದೊಂದೇ ಸಾಕು ಅಂತ ಸ್ವಿಚ್ ತಿಳ್ಕೊಳ್ಳುತ್ತೆ. ಮಿಕ್ಕಿದ್ದನ್ನ ಕೇಳದೇನೆ ಅಳಿಸಿಬಿಡುತ್ತೆ."

ಒಂದು ಪದ. ಇನ್‌ಸ್ಪೆಕ್ಟರಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

"ಯಾರು ಮಾಡಿದ್ದು?"

ಮುಖ್ಯಸ್ಥೆ ತಲೆ ಎತ್ತಲಿಲ್ಲ. "ಪಾಸ್‌ವರ್ಡ್ ಇರೋದು ನನ್ನ ಹತ್ರ, ಮತ್ತೆ..."

"ನಾನೇ ಸರ್," ಎಂದ ತಮ್ಮ. "ನರ್ಸಮ್ಮನ್ನ ಬಿಟ್ಬಿಡಿ."

ಸಂಜೆ ಅವನ ಬಂಧನವಾಯಿತು. ಅಕ್ಕ ಠಾಣೆಗೆ ಓಡೋಡಿ ಬಂದಳು.

"ಕಂಪ್ಲೇಂಟ್ ವಾಪಸ್ ತಗೋತೀನಿ ಸರ್. ನಂಗೆ ಇನ್ಯಾರಿದ್ದಾರೆ?"

"ಆಗಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್. ಅವರಿಗೂ ಬೇರೆ ದಾರಿ ಇರಲಿಲ್ಲ.

ತಮ್ಮನ ಹೇಳಿಕೆ ಚಿಕ್ಕದು. ಐಸಿಯು ಒಳಗೆ ದಿನಕ್ಕೊಮ್ಮೆ ಹತ್ತು ನಿಮಿಷ ಬಿಡುತ್ತಿದ್ದುದು ಒಬ್ಬರನ್ನೇ. ಆ ಪಾಸನ್ನು ಅವನು ಅಕ್ಕನಿಗೆ ಬಿಟ್ಟುಕೊಟ್ಟಿದ್ದ. ಕೆಳಮಹಡಿಯ ತನ್ನ ಮೇಜಿನಿಂದಲಾದರೂ ಅಮ್ಮನನ್ನು ನೋಡೋಣವೆಂದು ಐಸಿಯು ಕ್ಯಾಮೆರಾದ ದೃಶ್ಯವನ್ನು ತನ್ನ ಪರದೆಗೆ ದಾಟಿಸಿಕೊಂಡ. ಅಮ್ಮನಿಗೆ ತೊಂದರೆಯಾದರೆ ಅಲಾರಂ ಹೊಡೆದೇ ಹೊಡೆಯುತ್ತದೆಂದು ಅವನಿಗೆ ಧೈರ್ಯವಿತ್ತು.

"ನಿನ್ನೆ ಸಂಜೆ ಅಮ್ಮ ಕ್ಯಾಮೆರಾ ಕಡೆ ಕೈ ಎತ್ತಿದ್ಲು ಸರ್. ನಂಗೇ ಅಂದ್ಕೊಂಡು ನಾನೂ ಕೈ ಬೀಸಿದೆ."